ಸಭೆಯ ಹಳೇ ಬೀರು: ಬಾಸೆಲ್ ಮಿಶನ್ ಕಾಲದ ದಾಖಲೆಗಳನ್ನು ಉಳಿಸಿಕೊಂಡ ಬಗೆ

ಕರಾವಳಿಯಲ್ಲಿ ಹಳೇ ಕಾಗದದ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್ ತನಕದ ನಾಲ್ಕು ತಿಂಗಳೇ ಗತಿ. ಜೂನ್ ಬಂತೆಂದರೆ ಗಾಳಿಯ ತೇವಾಂಶ ಶೇ. 85–90 ಮುಟ್ಟುತ್ತದೆ, ಬೂಷ್ಟು ಏಳಲು ಶೇ. 65 ದಾಟಿದರೆ ಸಾಕು. ಮಳೆಗಾಲದಲ್ಲಿ ಕಟ್ಟು ಬಿಚ್ಚಿದಿರೋ, ಒಣಗಿ ಸುಮ್ಮನಿದ್ದ ಬೂಷ್ಟಿಗೆ ಮತ್ತೆ ಜೀವ ಬಂದು ಒಂದು ಪುಸ್ತಕದ ರೋಗ ಹತ್ತಕ್ಕೆ ಅಂಟುತ್ತದೆ. ಹಾಗಾಗಿ ಮಂಗಳೂರು, ಉಡುಪಿ ಕಡೆಯ ಹಳೇ ಬಾಸೆಲ್ ಮಿಶನ್ ಸಭೆಗಳ, ಅಂದರೆ ಪ್ರಾಟೆಸ್ಟಂಟ್ ಕ್ರೈಸ್ತ ಸಮುದಾಯಗಳ, ದಾಖಲೆಗಳನ್ನು ಒಪ್ಪ ಮಾಡಲು ಹೊರಟಾಗ ನಾವು ಮೊದಲು ತೆಗೆದು ನೋಡಿದ್ದು ಕ್ಯಾಲೆಂಡರನ್ನು.

ಈ ಸಭೆಗಳ ಬೇರು ಇರುವುದು ದಕ್ಷಿಣ ಜರ್ಮನಿಯ ವ್ಯುರ್ಟೆಂಬೆರ್ಗ್ ಮತ್ತು ಸ್ವಿಟ್ಜರ್ಲೆಂಡಿನ ಪಯೆಟಿಸ್ಟ್ ಉಜ್ಜೀವನದಲ್ಲಿ, ಅಂದರೆ ಒಳಗಿನ ಭಕ್ತಿಗೆ ಒತ್ತು ಕೊಟ್ಟ ಪ್ರಾಟೆಸ್ಟಂಟ್ ಚಳವಳಿಯಲ್ಲಿ. ಆ ಉಜ್ಜೀವನದಿಂದಲೇ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಬಾಸೆಲ್ ಮಿಶನ್ ಹುಟ್ಟಿತು. 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯ ಬಾಗಿಲು ತೆರೆದ ಮರುವರ್ಷ, 1834ರ ಅಕ್ಟೋಬರ್ 30ರಂದು, ಸಾಮ್ಯುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1845ರಲ್ಲಿ ಮೂಲ್ಕಿ, 1854ರಲ್ಲಿ ಉಡುಪಿ, ಹೀಗೆ ಮಿಶನರಿಗಳು ನೆಲೆ ನಿಂತ ಠಾಣೆಗಳು ಬೆಳೆದವು. ಪಯೆಟಿಸ್ಟರಿಗೆ ಮನಸ್ಸು ತಿರುಗಿದ್ದನ್ನು ಬರೆದಿಡುವುದು ಭಕ್ತಿಯ ಒಂದು ಅಂಗವೇ ಆಗಿತ್ತು. ಮಿಶನರಿ ತರಬೇತಿಯ ಸೆಮಿನರಿಗೆ ಸೇರುವ ಹುಡುಗ ತನ್ನ ಜೀವನವೃತ್ತಾಂತ ಬರೆದುಕೊಡಬೇಕು, ಠಾಣೆಯವರು ವರ್ಷವರ್ಷ ವರದಿ ಕಳಿಸಬೇಕು, ಸಭೆ ತನ್ನ ರಿಜಿಸ್ಟರು ಇಡಬೇಕು. ಹೃದಯದ ಧರ್ಮ ಎಂದು ಹೊರಟವರು ಇಷ್ಟೊಂದು ಕಾಗದ ಬಿಟ್ಟುಹೋದದ್ದು ನಮ್ಮ ಪುಣ್ಯ.

ಆದರೆ ಆ ಕಾಗದ ಎರಡು ಪಾಲಾಗಿದೆ. ಮಿಶನರಿಗಳು ಬಾಸೆಲ್‌ನ ಕಮಿಟಿಗೆ ಬರೆದ ಪತ್ರ, ವರದಿಗಳು ಇಂದು ಬಾಸೆಲ್ ಮಿಶನ್ನಿನ ಉತ್ತರಾಧಿಕಾರಿಯಾದ ಮಿಶನ್ 21 ಸಂಸ್ಥೆಯ ಭಂಡಾರದಲ್ಲಿ ಬಾಸೆಲ್‌ನಲ್ಲೇ ಕ್ಷೇಮವಾಗಿವೆ. ಸಭೆ ತನಗಾಗಿ ಬರೆದುಕೊಂಡ ದೀಕ್ಷಾಸ್ನಾನದ ರಿಜಿಸ್ಟರು, ಮದುವೆ ಮತ್ತು ಹೂಳುವಿಕೆಯ ಪುಸ್ತಕ, ಕುಟುಂಬ ಪುಸ್ತಕ, ಹಿರಿಯರ ಸಭೆಯ ನಡಾವಳಿ, ಬಡವರ ನಿಧಿಯ ಲೆಕ್ಕ, ಇವೆಲ್ಲ ಇಲ್ಲೇ ಉಳಿದವು. ಅವುಗಳಲ್ಲಿ ಕೆಲವು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ದಾಖಲೆ ವಿಭಾಗ ಸೇರಿವೆ. ಉಳಿದವು ದೇವಾಲಯದ ಪಕ್ಕದ ಕೋಣೆಯ ಬೀರುವಿನಲ್ಲಿ, ಹರಿದ ಗೀತಪುಸ್ತಕ, ಕ್ರಿಸ್‌ಮಸ್ ನಕ್ಷತ್ರ, ಕೆಟ್ಟ ಆಂಪ್ಲಿಫೈಯರಿನ ಜೊತೆ ಬಾಳುತ್ತಿವೆ. ಇತಿಹಾಸ ಬರೆಯುವವರು ಬಾಸೆಲ್ ಪಾಲನ್ನು ಮಾತ್ರ ಓದಿದರೆ ಸಿಗುವುದು ಮಿಶನರಿಯ ಕಥೆ. ಸಭೆಯ ಕಥೆ ಬೀರುವಿನಲ್ಲಿದೆ. ನಮ್ಮ ಕೆಲಸವೆಲ್ಲ ಈ ಎರಡನ್ನು ತಾರೀಖು ತಾರೀಖಿಗೆ ಕೂಡಿಸುವುದು, ಕೂಡಿಸುವ ತನಕ ಬೀರುವಿನ ಪಾಲು ಪುಡಿಯಾಗದಂತೆ ನೋಡಿಕೊಳ್ಳುವುದು.

ಬೀರು ತೆರೆದ ಕೂಡಲೇ ಎಲ್ಲ ಕೆಳಗಿಳಿಸಿ ಧೂಳು ಕೊಡವುವ ಉಮೇದು ಬರುತ್ತದೆ. ಅದನ್ನು ತಡೆದುಕೊಳ್ಳಬೇಕು. ಯಾವ ಪುಸ್ತಕ ಯಾವುದರ ಪಕ್ಕ ಇತ್ತು ಎಂಬುದೇ ಒಂದು ಮಾಹಿತಿ. ಹೆಸರಿಲ್ಲದ ಲೆಕ್ಕದ ಪುಸ್ತಕವೊಂದು ಹುಡುಗಿಯರ ಬೋರ್ಡಿಂಗಿನ ಹಾಜರಿ ಪುಸ್ತಕಗಳ ನಡುವೆ ಇದ್ದರೆ ಅದು ಬೋರ್ಡಿಂಗಿನದೇ ಲೆಕ್ಕವಾಗಿರುವ ಸಂಭವ ಹೆಚ್ಚು. ನೆಲಕ್ಕಿಳಿಸಿ ಗುಡ್ಡೆ ಹಾಕಿದ ಮೇಲೆ ಅದು ಅನಾಥ. ಆದ್ದರಿಂದ ಬೀರುವಿನ ಪ್ರತಿ ಖಾನೆಯ ಫೋಟೋ ಮೊದಲು, ಆಮೇಲೆ ಎಡದಿಂದ ಬಲಕ್ಕೆ ತಾತ್ಕಾಲಿಕ ನಂಬರು. ನಂಬರನ್ನು ಬರೆಯುವುದು 2ಬಿ ಪೆನ್ಸಿಲಿನಲ್ಲಿ, ಆಮ್ಲವಿಲ್ಲದ ಕಾಗದದ ಚೀಟಿಯ ಮೇಲೆ. ಚೀಟಿ ಪುಸ್ತಕದೊಳಗೆ ತಲೆ ಹೊರಗಿಟ್ಟು ಕೂರುತ್ತದೆ. ಪೆನ್ನು, ಸ್ಟಿಕ್ಕರು, ರಬ್ಬರ್ ಬ್ಯಾಂಡು, ಸ್ಟೇಪಲ್ ಪಿನ್ನು ಕೋಣೆಯೊಳಗೇ ಬರಬಾರದು. ರಬ್ಬರ್ ಬ್ಯಾಂಡು ಕೆಲವೇ ವರ್ಷಗಳಲ್ಲಿ ಬೆಲ್ಲದ ಪಾಕದಂತೆ ಕರಗಿ ಹಾಳೆಗೆ ಅಂಟುತ್ತದೆ, ಪಿನ್ನಿನ ತುಕ್ಕು ಹಾಳೆಯನ್ನು ತಿಂದು ತೂತು ಮಾಡುತ್ತದೆ. ಪುಸ್ತಕದೊಳಗೆ ಸಿಕ್ಕ ಬಿಡಿ ಚೀಟಿಗಳನ್ನು ಎಸೆಯುವಂತಿಲ್ಲ, ಒಟ್ಟು ಮಾಡಿ ಬೇರೆ ಕವರಿಗೆ ಹಾಕುವಂತೆಯೂ ಇಲ್ಲ. ಎಷ್ಟನೇ ಪುಟದಲ್ಲಿತ್ತೋ ಆ ಪುಟದ ನಂಬರು ಹಾಕಿ ಅಲ್ಲೇ ಬಿಡಬೇಕು. ಒಂದು ಸಭೆಯಿಂದ ಇನ್ನೊಂದಕ್ಕೆ ಹೋದವರ ವರ್ಗಾವಣೆ ಪತ್ರಗಳು ಹೆಚ್ಚಾಗಿ ಸಿಗುವುದು ಹೀಗೆ ಬಿಡಿ ಚೀಟಿಗಳಾಗಿಯೇ.

ಎರಡನೆಯ ಸುತ್ತು ರೋಗಿಗಳನ್ನು ಬೇರ್ಪಡಿಸುವುದು. ಬೂಷ್ಟು ಹಿಡಿದವು, ಹುಳ ಬಿದ್ದವು, ಮಸಿ ಕೊರೆದವು, ಹಿಂದಿನವರು ‘ರಿಪೇರಿ’ ಮಾಡಿದವು, ಹೀಗೆ ನಾಲ್ಕು ಜಾತಿ.

ಬೂಷ್ಟು ಹಿಡಿದ ಪುಸ್ತಕವನ್ನು ಬಿಸಿಲಿಗೆ ಹಾಕುವುದು ನಮ್ಮ ಕಡೆಯ ಹಳೇ ರೂಢಿ. ಹಪ್ಪಳಕ್ಕೆ ಅದು ಸರಿ. ಬಿಸಿಲಿಗೆ ಹಾಳೆ ಡೊಂಕಾಗುತ್ತದೆ, ಚರ್ಮದ ಬೈಂಡು ಬಿರಿಯುತ್ತದೆ, ಮಸಿ ಮಾಸುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿ ನೇರ ಬೀಳದ ಹಾಗೆ, ಹಾಳೆಗಳ ನಡುವೆ ಬ್ಲಾಟಿಂಗ್ ಕಾಗದ ಇಟ್ಟು ಮೊದಲು ಒಣಗಿಸಬೇಕು. ಹಸಿ ಬೂಷ್ಟನ್ನು ಒರೆಸಿದರೆ ಅದು ಎಳೆಯೊಳಕ್ಕೆ ಇಳಿಯುತ್ತದೆ. ಒಣಗಿ ಪುಡಿಯಾದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಗುಡಿಸಬೇಕು. ಎನ್-95 ಮಾಸ್ಕು, ಕೈಗವಸು ಕಡ್ಡಾಯ. ವ್ಯಾಕ್ಯೂಮ್ ಬಳಸುವುದಾದರೆ ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವಂಥದ್ದೇ ಬೇಕು, ಅದರ ಬಾಯಿಗೆ ಸೊಳ್ಳೆಬಲೆಯ ತುಂಡು ಕಟ್ಟಿರಬೇಕು. ಇಲ್ಲದಿದ್ದರೆ ಹಾಳೆಯ ಚೂರೂ ಒಳಗೆ ಹೋಗುತ್ತದೆ.

ಹುಳಕ್ಕೆ ನುಸಿಗುಳಿಗೆ ಮದ್ದಲ್ಲ. ನಾಫ್ತಲೀನ್ ಹುಳವನ್ನು ದೂರ ಇಡಬಹುದು. ಹಾಳೆಯೊಳಗೆ ಕೊರೆದುಕೊಂಡು ಕೂತ ಮರಿಹುಳಕ್ಕೆ ಏನೂ ಆಗುವುದಿಲ್ಲ, ಮುಚ್ಚಿದ ಕೋಣೆಯಲ್ಲಿ ಕೂತು ಓದುವವರಿಗೆ ತಲೆನೋವು ಬರುತ್ತದೆ. ನಾವು ಮಾಡಿದ್ದು ಶೀತ ಚಿಕಿತ್ಸೆ. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ, ದಪ್ಪ ಪಾಲಿಥೀನ್ ಚೀಲದಲ್ಲಿ ಗಾಳಿ ಹಿಂಡಿ ಅಂಟಿಸಿ, ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ. ಮನೆಯ ಡೀಪ್ ಫ್ರೀಜರು ಮೈನಸ್ 18ಕ್ಕೆ ನಿಲ್ಲುವುದರಿಂದ ಅಲ್ಲಿ ಎರಡು ವಾರ ಬೇಕು. ಹೊರತೆಗೆದ ಮೇಲೆ ಚೀಲವನ್ನು 24 ಗಂಟೆ ಬಿಚ್ಚಬಾರದು. ಆಗ ಬೆವರು ಚೀಲದ ಹೊರಮೈಗೆ ಕೂರುತ್ತದೆ. ಆತುರಪಟ್ಟು ಬಿಚ್ಚಿದರೆ ಅದೇ ಬೆವರು ಹಾಳೆಯ ಮೇಲೆ ಕೂರುತ್ತದೆ, ಹುಳ ಹೋಗಿ ಬೂಷ್ಟು ಬಂತು ಎಂಬಂತಾಗುತ್ತದೆ. ಚಿಕಿತ್ಸೆ ಮುಗಿದ ಪುಸ್ತಕಗಳ ಜೊತೆ ಅಜ್ಜಂದಿರ ಬಜೆ ಬೇರಿನ ಪುಡಿಯ ಗಂಟನ್ನೂ ಇಟ್ಟಿದ್ದೇವೆ, ಹಾಳೆಗೆ ತಾಗದ ಹಾಗೆ. ಅದು ಬಂದ ಹುಳವನ್ನು ಕೊಲ್ಲುವುದಿಲ್ಲ, ಬರುವುದನ್ನು ಸ್ವಲ್ಪ ತಡೆಯುತ್ತದೆ.

ಮಸಿ ಕೊರೆದ ಪುಸ್ತಕಗಳದ್ದೇ ದೊಡ್ಡ ಚಿಂತೆ. ಆ ಕಾಲದ ಯುರೋಪಿಯನ್ ಮಸಿ ಎಂದರೆ ಮಾಚಿಕಾಯಿ (ಓಕ್ ಮರದ ಗಂಟು) ಮತ್ತು ಅನ್ನಭೇದಿ (ಕಬ್ಬಿಣದ ಒಂದು ಲವಣ) ಸೇರಿಸಿ ಮಾಡಿದ್ದು. ಬರೆದಾಗ ತೆಳು, ಗಾಳಿ ತಾಗಿದಂತೆ ಕಪ್ಪು, ನೂರು ವರ್ಷ ಕಳೆದಂತೆ ಕಂದು. ಅದರಲ್ಲಿ ಉಳಿದ ಕಬ್ಬಿಣ ಮತ್ತು ಆಮ್ಲ ಎರಡೂ ಸೇರಿ ಕಾಗದವನ್ನು ಸುಡುತ್ತವೆ. ಪುಟ ಎತ್ತಿ ಬೆಳಕಿಗೆ ಹಿಡಿದರೆ ದಪ್ಪಕ್ಷರದ ಜಾಗದಲ್ಲಿ ಸಣ್ಣ ಸಣ್ಣ ಸೀಳು ಕಾಣುತ್ತದೆ. ತಲೆಬರಹದ ಕೆಳಗೆ ಎಳೆದ ಗೆರೆಯಂತೂ ಬ್ಲೇಡಿನಲ್ಲಿ ಕೊಯ್ದಂತೆ ಬಿಟ್ಟುಕೊಂಡಿರುತ್ತದೆ. ದೀಪದ ಕಾಡಿಗೆಯ ಮಸಿಯಲ್ಲಿ ಬರೆದ ಪುಟಕ್ಕೆ ಈ ಕಾಟ ಇಲ್ಲ, ಅದು ಇಂದಿಗೂ ಕರ್ರಗೆ ನಿಂತಿರುತ್ತದೆ. ಮಾಚಿಕಾಯಿ ಮಸಿಯ ಹಾಳೆಗೆ ನೀರಿನ ಗೋಂದು ಹಚ್ಚುವುದು ಮಹಾಪರಾಧ. ಗೋಂದಿನ ನೀರು ಮಸಿಯಲ್ಲಿ ಬಿಡಿಯಾಗಿ ಉಳಿದ ಕಬ್ಬಿಣವನ್ನು ಸುತ್ತಲಿನ ಒಳ್ಳೆಯ ಕಾಗದಕ್ಕೆ ಹರಡುತ್ತದೆ, ಮುಂದಿನ ವರ್ಷ ಅಲ್ಲಿಯೂ ಸೀಳು. ಬ್ಯಾಥೊಫಿನಾಂಥ್ರೊಲೀನ್ ಎಂಬ ರಾಸಾಯನಿಕ ಹಚ್ಚಿದ ಪರೀಕ್ಷಾ ಪಟ್ಟಿಯನ್ನು ಹನಿ ನೀರಿನಲ್ಲಿ ಅದ್ದಿ, ಬ್ಲಾಟಿಂಗಿಗೆ ಒತ್ತಿ ತೆಗೆದು, ಅಕ್ಷರದ ಮೇಲೆ ಅರ್ಧ ನಿಮಿಷ ಒತ್ತಿದರೆ ಬಿಡಿ ಕಬ್ಬಿಣ ಇದ್ದಲ್ಲಿ ಕೆಂಪು ಮೂಡುತ್ತದೆ. ಕೆಂಪು ಬಂದ ಪುಸ್ತಕಗಳನ್ನು ನಾವು ಮುಟ್ಟಲಿಲ್ಲ. ಜೆಲಟಿನ್ ಬಳಿದು ಒಣಗಿಸಿದ, ಚದರ ಮೀಟರಿಗೆ 5 ಗ್ರಾಂ ತೂಗುವ ಜಪಾನಿ ಕಾಗದದಿಂದ ಸೀಳು ಮುಚ್ಚುವುದು ತರಬೇತಾದ ಸಂರಕ್ಷಕರ ಕೈಕೆಲಸ. ನಮ್ಮ ಪಾಲಿಗಿದ್ದದ್ದು ಅಂಥ ಪುಟಗಳನ್ನು ಒಂದೇ ಸಲ, ಅಡಿಯಲ್ಲಿ ಕಾಗದದ ಆಸರೆ ಕೊಟ್ಟು ತಿರುವಿ, ಫೋಟೋ ತೆಗೆದು ಮುಚ್ಚಿಡುವುದು.

ನಾಲ್ಕನೆಯ ಜಾತಿಯ ಬಗ್ಗೆ ಎಷ್ಟು ಕಡಿಮೆ ಹೇಳಿದರೆ ಅಷ್ಟು ಒಳ್ಳೆಯದು. ಸೆಲ್ಲೋಟೇಪು ಬಿದ್ದುಹೋದರೂ ಅದರ ಗೋಂದು ಹಳದಿ ಕಲೆಯಾಗಿ ಅಕ್ಷರದ ಮೇಲೆಯೇ ಉಳಿಯುತ್ತದೆ. ಬಿಸಿ ಲ್ಯಾಮಿನೇಷನ್ ಮಾಡಿಸಿದ ಹಾಳೆ ಒಳಗೊಳಗೇ ಬೇಯುತ್ತದೆ, ಬಿಡಿಸಲು ಬರುವುದಿಲ್ಲ. ಪ್ರೀತಿಯಿಂದ ಮಾಡಿಸಿದ್ದೇ ಹೌದು. ಹೊಸದಾಗಿ ಮಾಡಿಸಬೇಡಿ ಎಂದು ಸಭೆಯ ಹಿರಿಯರಿಗೆ ಕೈಮುಗಿದು ಹೇಳುವುದಷ್ಟೇ ಉಳಿದ ದಾರಿ.

ಫೋಟೋ ತೆಗೆಯುವ ಲೆಕ್ಕ ಹೀಗೆ. ಫುಲ್‌ಸ್ಕೇಪ್ ಪುಟ ಸುಮಾರು 33 ಸೆಂ.ಮೀ. ಉದ್ದ, 21 ಸೆಂ.ಮೀ. ಅಗಲ, ಅಂದರೆ 13 ಇಂಚಿಗೆ ಎಂಟೂಕಾಲು. 24 ಮೆಗಾಪಿಕ್ಸೆಲಿನ ಕ್ಯಾಮೆರಾದಲ್ಲಿ ಉದ್ದಕ್ಕೆ 6000, ಅಗಲಕ್ಕೆ 4000 ಚುಕ್ಕಿ ಸಿಗುತ್ತವೆ. ಸುತ್ತ ಅಂಚು, ಅಳತೆಪಟ್ಟಿ, ಬಣ್ಣದ ಚಾರ್ಟಿಗೆ ಜಾಗ ಬಿಟ್ಟರೂ ಇಂಚಿಗೆ 400 ಚುಕ್ಕಿ ದಕ್ಕುತ್ತದೆ. ಸಣ್ಣ ಕೈಬರಹಕ್ಕೆ ಅಷ್ಟು ಸಾಕು. ಎರಡು ಪುಟ ಒಟ್ಟಿಗೆ ತೆಗೆದರೆ ಅದು 300ಕ್ಕೂ ಕೆಳಗಿಳಿಯುತ್ತದೆ. ಬೇಗ ಮುಗಿಯುತ್ತದೆಂದು ಹಾಗೆ ತೆಗೆದದ್ದನ್ನು ನಾವು ಎರಡನೆಯ ಸಲ ತೆಗೆಯಬೇಕಾಯಿತು. ಪುಸ್ತಕವನ್ನು 180 ಡಿಗ್ರಿ ಬಿಚ್ಚಬಾರದು, ಬೆನ್ನು ಮುರಿಯುತ್ತದೆ. ಎರಡು ಹಲಗೆಗಳನ್ನು ವ್ಯಾಸಪೀಠದಂತೆ 110 ಡಿಗ್ರಿಗೆ ಜೋಡಿಸಿ, ಮೇಲೆ ಮೆತ್ತೆ ಹಾಸಿ, ಮೊದಲು ಬಲಪುಟಗಳೆಲ್ಲ, ಆಮೇಲೆ ಪುಸ್ತಕ ತಿರುಗಿಸಿ ಎಡಪುಟಗಳೆಲ್ಲ. ಬೆಳಕು ಪುಟಕ್ಕೆ 45 ಡಿಗ್ರಿಯಲ್ಲಿ ಎರಡೂ ಕಡೆಯಿಂದ. ಗಾಜು ಒತ್ತಿ ಹಾಳೆ ಚಪ್ಪಟೆ ಮಾಡುವ ಆಸೆ ಬಂದರೆ ಮಸಿ ಕೊರೆದ ಪುಟಗಳನ್ನು ನೆನೆಸಿಕೊಳ್ಳಬೇಕು.

ಖಾಲಿ ಪುಟವನ್ನೂ ಬಿಡಬಾರದು, ರಟ್ಟು, ರಟ್ಟಿನ ಒಳಮೈ, ಎಲ್ಲವೂ ಬೇಕು. ಬೈಂಡಿನ ಒಳಗೆ ಅಂಟಿಸಿದ ರದ್ದಿ ಕಾಗದ ಅದಕ್ಕಿಂತ ಹಳೆಯದಾಗಿರುತ್ತದೆ. 1841ರಲ್ಲೇ ಮಂಗಳೂರಿನಲ್ಲಿ ಮಿಶನ್ನಿನ ಕಲ್ಲಚ್ಚು ಶುರುವಾಗಿತ್ತು. 1842ರಲ್ಲಿ ತುಳುವಿನ ಮತ್ತಾಯನ ಸುವಾರ್ತೆ, 1843ರ ಜುಲೈಯಲ್ಲಿ ಮಿಶನರಿ ಹೆರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಪತ್ರಿಕೆ ಬಂದದ್ದು ಅಲ್ಲಿಂದಲೇ. ಅಚ್ಚಿನಲ್ಲಿ ಕೆಟ್ಟ ಹಾಳೆಗಳು ಬೈಂಡಿಗೆ ಹೋಗುವುದು ಎಲ್ಲ ಅಚ್ಚುಕೂಟಗಳ ವಾಡಿಕೆ. ಹಾಗಾಗಿ ರಟ್ಟನ್ನು ಕಿತ್ತು ಹೊಸ ಬೈಂಡು ಹಾಕಿಸುವ ಮುಂಚೆ ಎರಡು ಸಲ ಯೋಚಿಸಬೇಕು.

ಒಂದು ಚಿತ್ರ ಕುಗ್ಗಿಸದ ಟಿಫ್ ರೂಪದಲ್ಲಿ 72 ಎಂಬಿ. 400 ಪುಟದ ಒಂದು ರಿಜಿಸ್ಟರಿಗೆ 29 ಜಿಬಿ ಹತ್ತಿರ. ಇದನ್ನು ಮೊದಲೇ ಹೇಳಿಬಿಟ್ಟರೆ ಸಭೆಯವರು ಪೆನ್ ಡ್ರೈವ್ ಹಿಡಿದುಕೊಂಡು ಬರುವುದು ತಪ್ಪುತ್ತದೆ. ಮೂಲ ಟಿಫ್ ಮೂರು ಪ್ರತಿ: ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ. ಓದುವುದಕ್ಕೆ ಜೆಪೆಗ್. ಫೈಲಿನ ಹೆಸರಿನಲ್ಲಿ ಊರಿನ ಮೂರಕ್ಷರ, ದಾಖಲೆಯ ಬಗೆ, ಆರಂಭದ ವರ್ಷ, ನಾಲ್ಕಂಕಿಯ ಚಿತ್ರಸಂಖ್ಯೆ, ಅಷ್ಟೆ. ಪುಸ್ತಕದಲ್ಲಿ ಬರೆದಿರುವ ಪುಟಸಂಖ್ಯೆಯನ್ನು ಫೈಲಿಗೆ ಕೊಡಬಾರದು. ಹಳೇ ಬರಹಗಾರರು 87 ಆದ ಮೇಲೆ ಮತ್ತೆ 78 ಹಾಕಿದ್ದುಂಟು. ಪ್ರತಿ ಫೈಲಿಗೂ ಒಂದು ಚೆಕ್‌ಸಮ್ (ಫೈಲು ಚೂರು ಬದಲಾದರೂ ತಾನೂ ಬದಲಾಗುವ ಗುರುತಿನ ಸಂಖ್ಯೆ) ಬರೆಸಿಟ್ಟರೆ ಮುಂದೆ ಹಾರ್ಡ್‌ಡಿಸ್ಕ್ ಸದ್ದಿಲ್ಲದೆ ಕೆಟ್ಟಾಗ ಯಾವ ಫೈಲು ಕೆಟ್ಟಿತು ಎಂದು ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಓದುವ ಕೆಲಸ. ನಿಜವಾದ ಕಷ್ಟ, ನಿಜವಾದ ಸುಖ ಎರಡೂ ಇಲ್ಲಿಯೇ.

ಮೊದಲ ದಶಕಗಳ ರಿಜಿಸ್ಟರುಗಳ ತಲೆಬರಹ, ಷರಾ ಎಲ್ಲ ಜರ್ಮನ್, ಅದೂ ಕುರೆಂಟ್ ಎಂಬ ಹಳೇ ಕೈಬರಹದಲ್ಲಿ. ಅದರಲ್ಲಿ ‘ಇ’ ಅಕ್ಷರ ‘ಎನ್’ ಹಾಗೆ ಕಾಣುತ್ತದೆ, ‘ಯು’ ಮೇಲೆ ಒಂದು ಬಿಲ್ಲು ಇರುತ್ತದೆ, ‘ಎನ್’ ಮೇಲೆ ಅಡ್ಡಗೆರೆ ಇದ್ದರೆ ಅದು ಜೋಡಿ ‘ಎನ್’. ಜರ್ಮನ್ ಬಾರದವರು ಹೆದರಿ ಮುಚ್ಚಿಡುತ್ತಾರೆ. ಆದರೆ ಒಂದು ಅನುಕೂಲ ಇದೆ: ಊರು, ಜನರಂಥ ಪರದೇಶಿ ಹೆಸರುಗಳನ್ನು ಅವರು ಮಾಮೂಲಿ ಲ್ಯಾಟಿನ್ ಅಕ್ಷರದಲ್ಲಿ ಬರೆಯುತ್ತಿದ್ದರು. ಕುರೆಂಟ್ ಒಂದಕ್ಷರ ಓದಲು ಬಾರದವರೂ ಪುಟದ ಮೇಲೆ ಕಣ್ಣಾಡಿಸಿ ಹೆಸರುಗಳನ್ನು ಹೆಕ್ಕಬಹುದು. ಹೆಸರು ಹೆಕ್ಕುವಾಗ ಜರ್ಮನ್ ಕಿವಿ ನೆನಪಿರಬೇಕು. ‘ಚ’ಕಾರಕ್ಕೆ ಟಿ-ಎಸ್-ಸಿ-ಎಚ್ ಎಂದು ನಾಲ್ಕಕ್ಷರ, ‘ಜ’ಕಾರಕ್ಕೆ ಡಿ-ಎಸ್-ಸಿ-ಎಚ್, ‘ವ’ಕಾರಕ್ಕೆ ಡಬ್ಲ್ಯು. ಉಚ್ಚಿಲವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಹುಡುಕಿದರೆ ಸಿಗುವುದಿಲ್ಲ, ಬಾಯಲ್ಲಿ ಹೇಳಿಕೊಂಡು ಹುಡುಕಿದರೆ ಸಿಗುತ್ತದೆ. ತಾರೀಖಿನಲ್ಲಿ ‘7ಬೆರ್’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ‘8ಬೆರ್’ ಅಕ್ಟೋಬರ್, ‘9ಬೆರ್’ ನವೆಂಬರ್. ಲ್ಯಾಟಿನ್ನಿನ ಏಳು, ಎಂಟು, ಒಂಬತ್ತರಿಂದ ಬಂದ ಸಂಕ್ಷೇಪ ಅದು. ಇದು ಗೊತ್ತಿಲ್ಲದೆ ಪಟ್ಟಿ ಮಾಡಿದರೆ ಮಗು ಹುಟ್ಟುವ ಎರಡು ತಿಂಗಳು ಮೊದಲೇ ದೀಕ್ಷಾಸ್ನಾನ ಆಗಿಬಿಡುತ್ತದೆ. ಉದ್ದ ಪತ್ರಗಳಿಗೆ ಟ್ರಾನ್ಸ್‌ಕ್ರಿಬಸ್ ಎಂಬ ಕೈಬರಹ ಓದುವ ತಂತ್ರಾಂಶ ಚೆನ್ನಾಗಿ ನೆರವಾಗುತ್ತದೆ. ಊರ ಹೆಸರುಗಳಲ್ಲಿ ಮಾತ್ರ ಅದನ್ನು ನಂಬಬಾರದು. ಜರ್ಮನ್ ಮಾತು ಬಲ್ಲ ಯಂತ್ರ ಬಸ್ರೂರನ್ನು ಏನಾದರೂ ಮಾಡೀತು.

ಕನ್ನಡದ ಬರಹ ನಮ್ಮದೇ, ಸುಲಭ ಎಂದುಕೊಂಡದ್ದು ತಪ್ಪಾಯಿತು. ಕನ್ನಡ ಅಂಕಿಗಳಲ್ಲಿ ಬರೆದ ವರ್ಷಗಳಲ್ಲಿ ೬ ಮತ್ತು ೭ ಬಾಲ ತಿರುಗುವ ದಿಕ್ಕಿನಲ್ಲಿ ಮಾತ್ರ ಬೇರೆ. ಅವಸರದ ಕೈಯಲ್ಲಿ ೧೮೬೭ ಯಾವುದು, ೧೮೭೬ ಯಾವುದು ಎಂದು ಮುಂದಿನ ಹಿಂದಿನ ದಾಖಲೆ ನೋಡಿಯೇ ತೀರ್ಮಾನಿಸಬೇಕು. ಅರ್ಕಾವೊತ್ತನ್ನು ಬರೆಯುವ ರೂಪ ಒಂಬತ್ತರ ಅಂಕಿಯದೇ. ‘ಕಾರ್ಕಳ’ ಎಂಬುದು ‘ಕಾಕ೯ಳ’ ಎಂದಿರುತ್ತದೆ, ಪಕ್ಕದ ಅಂಕಣದಲ್ಲಿ ವಯಸ್ಸು ೯ ಎಂದೂ ಇರುತ್ತದೆ. ಸೊನ್ನೆಯೂ ಅನುಸ್ವಾರವೂ ಒಂದೇ ಗುಂಡು. ‘ಯೆರಡು’, ‘ವೊಂದು’ ಎಂಬ ಕಾಗುಣಿತ ಬರೆದ ಉಪದೇಶಿಯ (ಸಭೆಯ ಊರ ಬೋಧಕನ) ಅಜ್ಞಾನವಲ್ಲ, ಆಗಿನ ರೂಢಿ. ಆದ್ದರಿಂದ ನಮ್ಮ ಪಟ್ಟಿಯಲ್ಲಿ ಒಂದೇ ಹೆಸರಿಗೆ ಎರಡು ಅಂಕಣ: ‘ಇದ್ದ ಹಾಗೆ’ ಮತ್ತು ‘ಇಂದಿನ ರೂಪ’. ಮೊದಲನೆಯದರಲ್ಲಿ ಒಂದು ಒತ್ತನ್ನೂ ತಿದ್ದುವಂತಿಲ್ಲ. ತಿದ್ದುವ ಕೈಯನ್ನು ತಡೆಯುವುದು ಎಷ್ಟು ಕಷ್ಟವೆಂಬುದು ಕನ್ನಡ ಮೇಷ್ಟ್ರುಗಳನ್ನು ಈ ಕೆಲಸಕ್ಕೆ ಕೂರಿಸಿದವರಿಗೆ ಗೊತ್ತು.

ಹೆಸರಿನ ಗೊಂದಲ ಇನ್ನೂ ಆಳದ್ದು. ದೀಕ್ಷಾಸ್ನಾನದಲ್ಲಿ ಬೈಬಲಿನ ಹೆಸರು ಕೊಡುವ ರೂಢಿಯಿಂದ ಒಂದೇ ದಶಕದಲ್ಲಿ ಆರೇಳು ಯಾಕೋಬರು, ಅಷ್ಟೇ ಸಾರಮ್ಮಂದಿರು ಸಿಗುತ್ತಾರೆ. ಹಳೇ ಹೆಸರನ್ನೂ ಉಳಿಸಿಕೊಂಡವರುಂಟು. 1844ರ ಜನವರಿ 6ರಂದು ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯ ಮೋಗ್ಲಿಂಗರ ಹೆಸರಾದ ಹೆರ್ಮನ್ ಅನ್ನು ಮುಂದೆ ಸೇರಿಸಿಕೊಂಡರೂ ಆನಂದರಾವ್ ಆಗಿಯೇ ಉಳಿದರು. ತುಳುನಾಡಿನ ಸಭೆಗಳಲ್ಲಿ ಮೊದಲು ಸೇರಿದವರಲ್ಲಿ ಶೇಂದಿ ಇಳಿಸುವ ಕಸುಬಿನ ಬಿಲ್ಲವರೇ ಬಹಳ. ಅವರ ಅಳಿಯಸಂತಾನ ಪದ್ಧತಿಯಲ್ಲಿ ಬರಿ, ಅಂದರೆ ವಂಶದ ಹೆಸರು, ಬರುವುದು ತಾಯಿಯಿಂದ. ಸಭೆಯ ರಿಜಿಸ್ಟರು ಮಾತ್ರ ವ್ಯುರ್ಟೆಂಬೆರ್ಗಿನ ಅಚ್ಚಿನದು, ಮನೆಯ ಯಜಮಾನನಾಗಿ ತಂದೆಯನ್ನು ಮೊದಲು ಬರೆದು ಕೆಳಗೆ ಹೆಂಡತಿ ಮಕ್ಕಳನ್ನು ಇಳಿಸುತ್ತದೆ. ಹೀಗಾಗಿ ಮೊದಲ ತಲೆಮಾರಿನಲ್ಲಿ ತಾಯಿಯಿಂದ ಬಂದ ಬರಿ ಎರಡನೆಯ ತಲೆಮಾರಿನಲ್ಲಿ ತಂದೆಯಿಂದ ಬಂದ ಅಡ್ಡಹೆಸರಾಗಿ ತಿರುಗುತ್ತದೆ. ವಂಶವೃಕ್ಷ ಬರೆಯುವವರು ಎಡವುವುದು ಸರಿಯಾಗಿ ಈ ಹೊಸ್ತಿಲಲ್ಲೇ: ಅಂಚನ್, ಕುಂದರ್ ಎಂಬ ಹೆಸರು ಹಿಡಿದು ಗಂಡಸರ ಸಾಲಿನಲ್ಲಿ ಹಿಂದೆ ಹೋಗುತ್ತಾರೆ, ದೀಕ್ಷಾಸ್ನಾನದ ಆಚೆ ಆ ಹೆಸರು ಅಜ್ಜಿಯ ಮನೆಯದ್ದಾಗಿರುತ್ತದೆ.

ಕಸುಬಿನ ಅಂಕಣವನ್ನು ಹಗುರವಾಗಿ ನೋಡಬಾರದು. ಶೇಂದಿ ಇಳಿಸುವುದು ಕ್ರೈಸ್ತನಿಗೆ ತಕ್ಕ ಕಸುಬಲ್ಲ ಎಂಬುದು ಮಿಶನ್ನಿನ ನಿಲುವು. ಮರ ಹತ್ತುವುದನ್ನು ಬಿಟ್ಟವರು ಹೊಟ್ಟೆಗೆ ಏನು ಮಾಡಬೇಕು ಎಂಬ ಪ್ರಶ್ನೆಯಿಂದಲೇ ನೇಯ್ಗೆ, ಆಮೇಲೆ 1865ರಲ್ಲಿ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆ ಹುಟ್ಟಿದವು. ಅದೇ ಕುಟುಂಬಗಳು ಕಾರ್ಖಾನೆ ಇದ್ದ ಕಡೆ ಸಾಗಿದವು. ಹಾಗಾಗಿ ಮೂಲ್ಕಿಯ ಪುಸ್ತಕದಲ್ಲಿ ಹುಟ್ಟಿದ ಮನುಷ್ಯ ಮಂಗಳೂರಿನ ಪುಸ್ತಕದಲ್ಲಿ ಮದುವೆಯಾಗಿ ಇನ್ನೆಲ್ಲೋ ಹೂಳಲ್ಪಟ್ಟಿರಬಹುದು. ಒಂದೇ ಸಭೆಯ ಬೀರು ಇಟ್ಟುಕೊಂಡು ಆ ಸಭೆಯ ಇತಿಹಾಸವೂ ಬರೆಯಲಾಗುವುದಿಲ್ಲ. ಅಕ್ಕಪಕ್ಕದ ಮೂರು ನಾಲ್ಕು ಸಭೆಗಳ ಪಟ್ಟಿ ಒಂದೇ ಹಾಳೆಗೆ ಬಂದಾಗ ಮಾತ್ರ ಜನ ಕಾಣಿಸತೊಡಗುತ್ತಾರೆ.

ಬಾಸೆಲ್ ಪಾಲಿನ ಜೊತೆ ತಾಳೆ ಹಾಕುವುದು ಆಮೇಲೆ. ಮೊದಲ ಮಹಾಯುದ್ಧದ ತನಕದ ಭಾರತದ ಪತ್ರಗಳು ಅಲ್ಲಿ ಸಿ-1 ಎಂಬ ಸರಣಿಯಲ್ಲಿ ವರ್ಷದಂತೆ, ಠಾಣೆಯಂತೆ ಕೂತಿವೆ. ಪ್ರತಿ ಮಿಶನರಿಗೂ ಒಂದು ನಂಬರು, ಆ ನಂಬರಿನಡಿ ಅವನ ಕಡತ. ಸಾವಿರಾರು ಹಳೇ ಫೋಟೋಗಳು ಆನ್‌ಲೈನಿನಲ್ಲಿಯೇ ಸಿಗುತ್ತವೆ. ಕೇಳುವವರು ಠಾಣೆ, ವರ್ಷ, ಮಿಶನರಿಯ ಹೆಸರು ಮೂರನ್ನೂ ಕೊಟ್ಟು ಕೇಳಬೇಕು. ‘ನಮ್ಮ ಸಭೆಯ ಬಗ್ಗೆ ಇರುವುದೆಲ್ಲ ಕಳಿಸಿ’ ಎಂದರೆ ಯಾವ ಭಂಡಾರದವರಿಗೂ ಉತ್ತರ ಕೊಡಲು ಆಗುವುದಿಲ್ಲ. ಪಟ್ಟಿಯಲ್ಲಿ ಇನ್ನೊಂದು ಅಂಕಣ ತೆಗೆದು, ಘಟನೆಯ ಎದುರು ಬಾಸೆಲ್ ಪತ್ರದ ಗುರುತು ಬರೆಯುತ್ತ ಹೋದೆವು.

ಲೆಕ್ಕ ಕೂಡುವುದಿಲ್ಲ. ವಾರ್ಷಿಕ ವರದಿಯ ಸಭಿಕರ ಸಂಖ್ಯೆ ಒಂದು, ಕುಟುಂಬ ಪುಸ್ತಕ ಎಣಿಸಿದರೆ ಇನ್ನೊಂದು. ಇದನ್ನು ಕಂಡ ಕೂಡಲೇ ದಾನಿಗಳನ್ನು ಮೆಚ್ಚಿಸಲು ಸುಳ್ಳು ಬರೆದರು ಎನ್ನುವವರಿದ್ದಾರೆ. ಹೆಚ್ಚಿನ ಕಡೆ ಕಾರಣ ಸಾದಾ. ವರದಿ ಠಾಣೆಗೆ ಸೇರಿದ ಹೊರ ಹಳ್ಳಿಗಳನ್ನೂ ಸೇರಿಸಿ ಎಣಿಸುತ್ತದೆ, ರಿಜಿಸ್ಟರು ಒಂದು ದೇವಾಲಯದ್ದು. ವರದಿಯಲ್ಲಿ ಕರ್ತನ ರಾತ್ರಿಭೋಜನದ ಸಂಸ್ಕಾರಕ್ಕೆ ಅರ್ಹರಾದವರು, ಮಕ್ಕಳು, ದೀಕ್ಷಾಸ್ನಾನಕ್ಕೆ ಕಾಯುತ್ತಿರುವವರು, ಹೊರಗಿಟ್ಟವರು ಎಂದು ಬೇರೆ ಬೇರೆ ವರ್ಗ ಇರುತ್ತವೆ. ಯಾವ ಯಾವ ವರ್ಗ ಕೂಡಿಸಿದ್ದಾರೆ ಎಂದು ತಲೆಬರಹ ಓದದೆ ಗೊತ್ತಾಗುವುದಿಲ್ಲ. ಊರು ಬಿಟ್ಟವರನ್ನು ಪುಸ್ತಕದಿಂದ ಹೊಡೆದುಹಾಕುವುದು ವರ್ಷಗಟ್ಟಲೆ ತಡವಾಗುತ್ತಿತ್ತು. ಇವೆಲ್ಲ ಕಳೆದ ಮೇಲೂ ಉಳಿಯುವ ವ್ಯತ್ಯಾಸವನ್ನೇ ವ್ಯತ್ಯಾಸವೆಂದು ಬರೆಯಬೇಕು.

1914ರ ನಂತರ ತಕ್ಕಡಿ ಈ ಕಡೆ ವಾಲುತ್ತದೆ. ಯುದ್ಧ ಶುರುವಾಗಿ ಜರ್ಮನ್ ಮಿಶನರಿಗಳನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟು ಆಮೇಲೆ ಹಡಗು ಹತ್ತಿಸಿದ ಮೇಲೆ ಅವರು ಬಾಸೆಲ್‌ಗೆ ಬರೆಯುತ್ತಿದ್ದ ಪತ್ರ ಬತ್ತಿತು. ಆ ವರ್ಷಗಳಿಗೆ ಊರ ಸಭಾಪಾಲಕರು, ಹಿರಿಯರು ಕನ್ನಡದಲ್ಲಿ ಬರೆದ ನಡಾವಳಿಯೇ ಮುಖ್ಯ ಆಧಾರ. ದುರದೃಷ್ಟಕ್ಕೆ ಆ ಕಾಲದ ಪುಸ್ತಕಗಳೇ ಅತಿ ದುರ್ಬಲ. 1840ರ ಚಿಂದಿಬಟ್ಟೆಯ ಕಾಗದ ಇನ್ನೂ ಮಡಚಿದರೆ ಮಡಚುತ್ತದೆ. 1910ರ ಮರದ ತಿರುಳಿನ ಕಾಗದ ಮೂಲೆ ಮುಟ್ಟಿದರೆ ಚಿಪ್ಸಿನಂತೆ ಮುರಿಯುತ್ತದೆ. ‘ಹಳೆಯದರಿಂದ ಶುರುಮಾಡೋಣ’ ಎಂಬ ಕ್ರಮವನ್ನು ನಾವು ಬದಲಾಯಿಸಿಕೊಂಡದ್ದು ಇದಕ್ಕೇ.

ಕಾಗದದಾಚೆ ಕಲ್ಲುಗಳಿವೆ. ಸಮಾಧಿಯ ಬರಹ ಓದಲು ಸುಣ್ಣ, ಚಾಕ್‌ಪೀಸು, ಮೈದಾ ಹಚ್ಚುವುದು ಬೇಡ. ತಂತಿ ಬ್ರಷ್ಷು, ಆಸಿಡ್ಡು ಮೊದಲೇ ಬೇಡ. ನೀರು, ನೈಲಾನ್ ಬ್ರಷ್ಷು ಸಾಕು. ಬೆಳಗಿನ ಎಳೆಬಿಸಿಲು ಅಡ್ಡ ಬಿದ್ದಾಗ, ಇಲ್ಲವೇ ಕನ್ನಡಿಯಿಂದ ಬೆಳಕನ್ನು ಬದಿಯಿಂದ ಹಾಯಿಸಿದಾಗ, ಸವೆದ ಅಕ್ಷರವೂ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ಮುರಕಲ್ಲಿನ ಕಟ್ಟೆಯ ಮೇಲಿನ ಗಾರೆಯಲ್ಲಿ ಗೀಚಿದ ಹೆಸರುಗಳನ್ನು ಮುಂಚೆ ತೆಗೆದುಕೊಳ್ಳಬೇಕು, ಗಾರೆ ಒಂದು ಮಳೆಗೆ ಕಳಚಬಹುದು.

ಮಾತಿನ ದಾಖಲೆಗೆ ಹೋದಾಗ ‘ಸಭೆಯ ಇತಿಹಾಸ ಹೇಳಿ’ ಎಂದರೆ ಹಿರಿಯರು ಸ್ಮರಣಸಂಚಿಕೆಯಲ್ಲಿ ಓದಿದ್ದನ್ನೇ ಹೇಳುತ್ತಾರೆ. ಹಳೇ ಬಾವಿ ಎಲ್ಲಿತ್ತು, ಹೆಂಗಸರು ಯಾವ ಬಾಗಿಲಲ್ಲಿ ಬರುತ್ತಿದ್ದರು, ಜರ್ಮನ್ ಕೋರಾಲ್ (ದೇವಾಲಯದ ಸ್ತುತಿಗೀತೆ) ರಾಗದ ಯಾವ ಗೀತೆಯನ್ನು ಯಾವ ಮನೆಯವರು ಎಳೆದು ಹಾಡುತ್ತಿದ್ದರು ಎಂದು ಕೇಳಿದರೆ ಮಾತು ಬರುತ್ತದೆ, ತುಳುವಿನಲ್ಲಿ ಬರುತ್ತದೆ. ಅದನ್ನು ತುಳುವಿನಲ್ಲೇ 48 ಕಿಲೋಹರ್ಟ್ಸ್ ವೇವ್ ಫೈಲಾಗಿ ಇಟ್ಟುಕೊಳ್ಳಬೇಕು. ಬರಹಕ್ಕೆ ಇಳಿಸುವಾಗ ಕನ್ನಡ ಮಾಡಿ ಮೂಲ ಅಳಿಸಿದರೆ ಮಾಡಿದ್ದೆಲ್ಲ ನೀರುಪಾಲು.

ಎಲ್ಲವನ್ನೂ ಎಲ್ಲರಿಗೂ ತೆರೆದಿಡಲಾಗದು. ರಿಜಿಸ್ಟರಿನಲ್ಲಿ ಜಾತಿ ಇದೆ, ಮದುವೆಗೆ ಮುಂಚೆ ಹುಟ್ಟಿದ ಮಕ್ಕಳಿದ್ದಾರೆ, ಭೂತದ ಕೋಲಕ್ಕೆ ಹೋದದ್ದಕ್ಕೋ ಕುಡಿದದ್ದಕ್ಕೋ ಸಭೆಯಿಂದ ಹೊರಗಿಟ್ಟವರಿದ್ದಾರೆ, ಅವರ ಮೊಮ್ಮಕ್ಕಳು ಅದೇ ಬೆಂಚಿನಲ್ಲಿ ಕೂರುತ್ತಾರೆ. ನಾವು ಹಾಕಿಕೊಂಡ ಗಡುವು: ಹುಟ್ಟು, ದೀಕ್ಷಾಸ್ನಾನಕ್ಕೆ 100 ವರ್ಷ, ಮದುವೆಗೆ 75, ಶಿಸ್ತುಕ್ರಮದ ನಡಾವಳಿ ಎಷ್ಟೇ ಹಳೆಯದಾದರೂ ಕೇಳಿ ಬಂದವರಿಗೆ, ಕಾರಣ ಬರೆದುಕೊಟ್ಟ ಮೇಲೆ. ಮೂಲಗೇಣಿ ಚೀಟು (ಕಾಯಂ ಗೇಣಿಯ ಪತ್ರ), ಜಾಗದ ನಕ್ಷೆ ಸಿಕ್ಕರೆ ಆ ದಿನವೇ ಸಭೆಯ ಇಬ್ಬರು ಹಿರಿಯರ ಮುಂದೆ ಪಟ್ಟಿ ಮಾಡಿ ಸಹಿ ಪಡೆದು ಅವರ ಕೈಗೇ ಕೊಟ್ಟುಬಿಡುವುದು ಕ್ಷೇಮ. ಜಾಗದ ತಂಟೆಗೆ ಬಂದವರು ಎಂಬ ಗುಮಾನಿ ಒಮ್ಮೆ ಹುಟ್ಟಿದರೆ ಬೀರುವಿನ ಬೀಗದ ಕೈ ಮತ್ತೆ ಸಿಗುವುದಿಲ್ಲ. ಅದೇ ಕಾರಣಕ್ಕೆ ಯಾವ ಮೂಲ ಪುಸ್ತಕವನ್ನೂ ನಾವು ಹೊರಗೆ ಒಯ್ಯಲಿಲ್ಲ. ಕ್ಯಾಮೆರಾ ಪುಸ್ತಕದ ಬಳಿಗೆ ಬಂತು. ಶೀತಕ್ಕೂ ಫ್ರೀಜರನ್ನೇ ಪಕ್ಕದ ಕೋಣೆಗೆ ತರಿಸಿಕೊಂಡದ್ದು.

ಕೊನೆಗೆ ಪುಸ್ತಕ ವಾಪಸು ಹೋಗುವುದು ಅದೇ ಬೀರುವಿಗೆ. ಬೀರು ಗೋಡೆಯಿಂದ 15 ಸೆಂ.ಮೀ. ಮುಂದೆ, ನೆಲದಿಂದ ಅಷ್ಟೇ ಮೇಲೆ. ಸ್ಟೀಲ್ ಬೀರುವಿನಲ್ಲಿ ಸಿಲಿಕಾ ಜೆಲ್ ಇಡುವುದು ಹೊಳೆಗೆ ಅಡ್ಡಲಾಗಿ ಸ್ಪಂಜು ಹಿಡಿದಂತೆ. ಬಾಗಿಲ ಸಂದಿನಿಂದ ತೇವ ಬರುತ್ತಲೇ ಇರುತ್ತದೆ, ನಾಲ್ಕು ದಿನಕ್ಕೆ ಜೆಲ್ ತುಂಬಿಹೋಗುತ್ತದೆ. ರಬ್ಬರ್ ಅಂಚಿನ ಪಾಲಿಪ್ರೊಪಿಲೀನ್ ಡಬ್ಬಿಯೊಳಗೆ, ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿದ ಪುಸ್ತಕದ ಜೊತೆ ಇಟ್ಟರೆ ಅದು ಮಳೆಗಾಲ ದಾಟಿಸುತ್ತದೆ. ಕಿತ್ತಳೆ ಬಣ್ಣದ ಜೆಲ್ ಬಣ್ಣ ಬಿಟ್ಟಾಗ 110 ಡಿಗ್ರಿಯ ಒಲೆಯಲ್ಲಿ ಎರಡು ಗಂಟೆ ಕಾಯಿಸಿ ಮತ್ತೆ ಬಳಸಬಹುದು. ಡಬ್ಬಿಗೊಂದು ಪುಟ್ಟ ತೇವಮಾಪಕ, ಹೊರಗಿನಿಂದಲೇ ಓದಲು ಬರುವ ಹಾಗೆ. ಮಳೆಗಾಲದುದ್ದಕ್ಕೂ ಭಾನುವಾರದ ಆರಾಧನೆ ಮುಗಿದ ಮೇಲೆ ಯಾರಾದರೊಬ್ಬರು ಆ ಅಂಕಿಯನ್ನು ಬೀರುವಿನ ಬಾಗಿಲಿಗೆ ಕಟ್ಟಿದ ನೋಟುಬುಕ್ಕಿನಲ್ಲಿ ಬರೆಯುತ್ತಾರೆ. 60 ದಾಟಿದ ವಾರ ಜೆಲ್ ಬದಲಾಗುತ್ತದೆ. ಆ ನೋಟುಬುಕ್ಕಿಗೂ ಒಂದು ನಂಬರು ಕೊಟ್ಟು ಪಟ್ಟಿಗೆ ಸೇರಿಸಿದ್ದೇವೆ.